ಪಾಠ ಹೋಗಲು ದಾರಿ ಇದೆ, ಪ್ರಶ್ನೆ ಬರಲು?

ನಮ್ಮ ಪದವಿ ಕಾಲೇಜುಗಳಲ್ಲಿ ಡಿಜಿಟಲ್ ಬೋಧನೆ ಎಂದರೆ ಏನು ನಡೆಯುತ್ತಿದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಚಿಕ್ಕದು: ಪಿಪಿಟಿ ತೋರಿಸುತ್ತೇವೆ, ಪಿಡಿಎಫ್ ಕಳಿಸುತ್ತೇವೆ, ಫೋಟೊ ತೆಗೆಯುತ್ತೇವೆ. ಈ ಮೂರರಲ್ಲಿ ಕೊನೆಯದನ್ನು ಹೆಚ್ಚು ಶ್ರದ್ಧೆಯಿಂದ ಮಾಡುತ್ತೇವೆ. ಸ್ಮಾರ್ಟ್ ಬೋರ್ಡ್ ಮುಂದೆ ಅಧ್ಯಾಪಕರು ನಿಂತಿರಬೇಕು, ವಿದ್ಯಾರ್ಥಿಗಳ ತಲೆಗಳು ಕಾಣಬೇಕು, ಮೂಲೆಯಲ್ಲಿ ಸ್ಥಳ, ದಿನಾಂಕ, ಸಮಯ ಮೂಡಿರಬೇಕು. ಕಾಲೇಜಿನ ಗುಣಮಟ್ಟ ನೋಡಿ ಕೊಡುವ ಮಾನ್ಯತೆಯ ಕಡತಕ್ಕೆ ಅಷ್ಟು ಸಾಕು. ಆ ಫೋಟೊದಲ್ಲಿ ಕೂತಿರುವವರಿಗೆ ಪಾಠ ಅರ್ಥವಾಯಿತೇ ಎಂಬುದಕ್ಕೆ ಕಡತದಲ್ಲಿ ಕಾಲಂ ಇಲ್ಲ.

ನಾನು ಕೋಲಾರ ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಕನ್ನಡ ಮಾಧ್ಯಮದ ಬಿ.ಎ. ತರಗತಿಗಳಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ತಂತ್ರಜ್ಞಾನದ ವಿರೋಧಿ ಖಂಡಿತ ಅಲ್ಲ. ನನ್ನ ತಕರಾರು ಬೇರೆ. ಇಷ್ಟು ವರ್ಷ ನಾವು ತಂದ ಸಲಕರಣೆಗಳೆಲ್ಲ ಅಧ್ಯಾಪಕರ ಮಾತನ್ನು ಇನ್ನಷ್ಟು ದೂರಕ್ಕೆ, ಇನ್ನಷ್ಟು ಜನಕ್ಕೆ ತಲುಪಿಸುವುದಕ್ಕೆ ಬಂದವು. ವಿದ್ಯಾರ್ಥಿಗೆ ಎಲ್ಲಿ ತೊಡಕಾಗಿದೆ ಎಂಬ ಸುದ್ದಿಯನ್ನು ಅಧ್ಯಾಪಕರಿಗೆ ಮುಟ್ಟಿಸುವ ಕೆಲಸವನ್ನು ಅವುಗಳಿಗೆ ನಾವು ಹೇಳಲೇ ಇಲ್ಲ.

ಇದು ಇವತ್ತಿನ ಕಥೆಯಲ್ಲ. 1984ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ದೂರದರ್ಶನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಆರಂಭಿಸಿತು. 2004ರಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು; ಅದನ್ನು ಮೊದಲ ಹಂತದಲ್ಲಿ ಬಳಸಿದವರಲ್ಲಿ ನಮ್ಮ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಕೂಡ ಇತ್ತು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ‘ಸ್ವಯಂ’ ಬಂತು. 2021ರಲ್ಲಿ ರಾಜ್ಯದ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ಮಕ್ಕಳ ಕೈಗೆ ಟ್ಯಾಬ್ ಬಂತು. ಪ್ರತಿ ಸಲವೂ ಒಳ್ಳೆಯ ಉದ್ದೇಶವೇ ಇತ್ತು. ಎನ್‌ಪಿಟಿಇಎಲ್‌ನ ವಿಡಿಯೊಗಳಿಂದ ಊರ ಬಿಟ್ಟು ಕದಲದೆ ಐಐಟಿಯ ಪಾಠ ಕೇಳಿದ ಎಂಜಿನಿಯರಿಂಗ್ ಹುಡುಗರು ನನಗೇ ಗೊತ್ತು. ಆದರೆ ಅಂಥವರು ಯಾರು? ಕಲಿಯುವುದು ಹೇಗೆಂದು ಆಗಲೇ ಕಲಿತುಬಿಟ್ಟವರು. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ದತ್ತಾಂಶವನ್ನು ಎಂಐಟಿಯ ಇಬ್ಬರು ಸಂಶೋಧಕರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. 2017–18ರಲ್ಲಿ ಸೇರಿದವರ ಪೈಕಿ ಕೋರ್ಸ್ ಪೂರ್ತಿ ಮುಗಿಸಿದವರು ಶೇ 3.13. ಅಲ್ಲಿ ಹೆಸರು ನೋಂದಾಯಿಸಿದವರೆಲ್ಲ ಮುಗಿಸಬೇಕೆಂದೇ ಬಂದವರಲ್ಲ, ನಿಜ. ಹಾಗೆಂದು ಆ ಸಂಖ್ಯೆಯನ್ನು ಪಕ್ಕಕ್ಕೆ ತಳ್ಳಿ, ಒಂದು ಸೆಮಿಸ್ಟರ್‌ನ ಶೇ 40ರವರೆಗೆ ಕೋರ್ಸ್‌ಗಳನ್ನು ಸ್ವಯಂ ಮೂಲಕ ಮಾಡಬಹುದು ಎಂಬ ಯುಜಿಸಿಯ 2021ರ ನಿಯಮವನ್ನು ಓದಲು ನನಗೆ ಧೈರ್ಯ ಸಾಲುವುದಿಲ್ಲ. ಮನೆಯಲ್ಲಿ ಒಂದೇ ಮೊಬೈಲ್, ಅದೂ ಸಂಜೆ ಅಣ್ಣ ಬಂದ ಮೇಲೆ ಸಿಗುವ ಹುಡುಗಿ ನನ್ನ ಮೊದಲ ಬೆಂಚಿನಲ್ಲೇ ಕೂರುತ್ತಾಳೆ.

ಹಾಗಾದರೆ ಯಾವುದು ಕೆಲಸಕ್ಕೆ ಬರುತ್ತದೆ? ನನ್ನ ತರಗತಿಯಲ್ಲಿ ಹೆಚ್ಚು ಕೆಲಸ ಮಾಡಿದ ಡಿಜಿಟಲ್ ಸಲಕರಣೆ ಒಂದು ಕಾಗದದ ಚೀಟಿ.

ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಅದರ ಜಾಲತಾಣದಿಂದ ಕಾರ್ಡುಗಳನ್ನು ಪ್ರಿಂಟ್ ತೆಗೆದುಕೊಳ್ಳಬೇಕು. ಪ್ರತಿ ಕಾರ್ಡಿನಲ್ಲಿ ಕಪ್ಪು-ಬಿಳುಪು ಚೌಕಗಳ ಒಂದು ಚಿತ್ತಾರ, ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣ ಅಕ್ಷರ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಕಾರ್ಡು. ಪ್ರಶ್ನೆ ಹಾಕಿದಾಗ ತಾವು ಸರಿ ಎಂದುಕೊಂಡ ಉತ್ತರದ ಅಕ್ಷರ ಮೇಲೆ ಬರುವಂತೆ ತಿರುಗಿಸಿ ಹಿಡಿಯುತ್ತಾರೆ. ನಾನು ನನ್ನ ಮೊಬೈಲ್ ಕ್ಯಾಮೆರಾವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ತಿರುಗಿಸಿದರೆ ಎಲ್ಲರ ಉತ್ತರವೂ ಅದರ ಪರದೆಯ ಮೇಲೆ ಬರುತ್ತದೆ. ಅವರಲ್ಲಿ ಮೊಬೈಲ್ ಬೇಕಿಲ್ಲ, ರೀಚಾರ್ಜ್ ಬೇಕಿಲ್ಲ. ಪ್ರತಿಯೊಬ್ಬರ ಚಿತ್ತಾರವೂ ಬೇರೆಯಾದ್ದರಿಂದ ಪಕ್ಕದವರ ಕಾರ್ಡು ನೋಡಿ ನಕಲು ಮಾಡುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಹೇಳಿದವರು ಯಾರು ಎಂದು ತರಗತಿಗೆ ತಿಳಿಯುವುದಿಲ್ಲ, ನನಗೆ ಮಾತ್ರ ತಿಳಿಯುತ್ತದೆ. ಕೈ ಎತ್ತಿ ಎಂದರೆ ನಮ್ಮ ಹುಡುಗಿಯರು ಮೊದಲು ಅಕ್ಕಪಕ್ಕ ನೋಡುತ್ತಾರೆ; ಕಾರ್ಡು ಎತ್ತುವಾಗ ನೋಡುವುದಿಲ್ಲ.

(ಮಾಡಿ ನೋಡುವವರಿಗೆ ಒಂದು ಮಾತು. ಕಾರ್ಡು ಬಾಳಿಕೆ ಬರಲಿ ಎಂದು ಲ್ಯಾಮಿನೇಷನ್ ಮಾಡಿಸಬೇಡಿ. ಕಿಟಕಿಯ ಬೆಳಕು ಬಿದ್ದು ಹೊಳೆಯುತ್ತದೆ, ಕ್ಯಾಮೆರಾ ಓದುವುದಿಲ್ಲ. ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿದರೆ ಸಾಕು. ಹೆಬ್ಬೆರಳು ಚಿತ್ತಾರದ ಮೇಲೆ ಬಾರದಂತೆ ಹಿಡಿಯಲು ಮೊದಲೇ ಹೇಳಿಕೊಡಿ.)

ಇದರಿಂದ ಏನು ಸಿಕ್ಕಿತು ಎಂಬುದಕ್ಕೆ ಒಂದು ಉದಾಹರಣೆ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಕೋಲಾರದ್ದು. ನನ್ನ ವಿದ್ಯಾರ್ಥಿಗಳಲ್ಲಿ ಹಲವರ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನೂ ಕಂಡಿದ್ದಾರೆ, ರಸ್ತೆ ಬದಿಗೆ ಸುರಿದು ಬರುವ ದಿನಗಳನ್ನೂ ಕಂಡಿದ್ದಾರೆ. ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆ ಎಂಬ ಬೇಡಿಕೆಯ ನಿಯಮ ಹೇಳಿ ಎಂದರೆ ಒಂದಕ್ಷರ ತಪ್ಪದೆ ಹೇಳುತ್ತಾರೆ, ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಬೇಡಿಕೆ ರೇಖೆಯ ಚಿತ್ರವನ್ನೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ನಾನು ಕೇಳಿದ ಪ್ರಶ್ನೆ ಇದು: ಟೊಮೆಟೊ ಬೆಲೆ ಕಿಲೋಗೆ 20 ರೂಪಾಯಿಯಿಂದ 100ಕ್ಕೆ ಏರಿತು, ಉಳಿದದ್ದೆಲ್ಲ ಮೊದಲಿನಂತೆಯೇ ಇದೆ, ಬೇಡಿಕೆ ರೇಖೆಗೆ ಏನಾಗುತ್ತದೆ? ಎಡಕ್ಕೆ ಸರಿಯುತ್ತದೆ, ಬಲಕ್ಕೆ ಸರಿಯುತ್ತದೆ, ರೇಖೆ ಇದ್ದಲ್ಲೇ ಇದ್ದು ನಾವು ಅದರ ಮೇಲೆ ಚಲಿಸುತ್ತೇವೆ, ರೇಖೆ ಕಡಿದಾಗುತ್ತದೆ.

ಮುಕ್ಕಾಲು ತರಗತಿ ‘ಎಡಕ್ಕೆ ಸರಿಯುತ್ತದೆ’ ಎಂದಿತು. ಸರಿ ಉತ್ತರ ಮೂರನೆಯದು. ನಿಯಮವನ್ನು ಹಿಂದಿನ ದಿನವಷ್ಟೇ ಒಪ್ಪಿಸಿದ ತರಗತಿ ಅದು.

ಉತ್ತರ ಹೇಳದೆ, ಪಕ್ಕದವರೊಂದಿಗೆ ಮಾತಾಡಿ ಎಂದೆ. ಗದ್ದಲ ಆಯಿತು, ಪಕ್ಕದ ಕೊಠಡಿಯವರು ಬಾಗಿಲಲ್ಲಿ ಇಣುಕಿ ಹೋದರು. ಆ ಗದ್ದಲದ ನಡುವೆ ಒಬ್ಬ ಹುಡುಗಿ ಗೆಳತಿಗೆ ಹೇಳುತ್ತಿದ್ದಳು: “ಬೆಲೆ ಮತ್ತೆ ಇಪ್ಪತ್ತಕ್ಕೆ ಇಳಿದರೆ ನಿಮ್ಮಮ್ಮ ಮೊದಲಿನಷ್ಟೇ ತರುತ್ತಾರೆ ತಾನೆ? ಹಾಗಾದರೆ ಅವರ ಮನಸ್ಸು ಬದಲಾಗಿಲ್ಲ, ಕೊಂಡದ್ದು ಮಾತ್ರ ಕಡಿಮೆ. ಮೊನ್ನೆ ನಿಮ್ಮ ಮನೆಯಲ್ಲಿ ಹುಣಸೆಹಣ್ಣಿನ ಸಾರಿಗೇ ಎಲ್ಲರೂ ಒಗ್ಗಿಬಿಟ್ಟರು ಅಂದೆಯಲ್ಲ, ಆಗ ಬೇಕಾದರೆ ರೇಖೆ ಸರಿಯುತ್ತದೆ.” ಅಭಿರುಚಿ ಬದಲಾದರೆ ರೇಖೆ ಪಲ್ಲಟವಾಗುತ್ತದೆ, ಬೆಲೆ ಬದಲಾದರೆ ರೇಖೆಯ ಮೇಲೆ ಚಲನೆ ಎಂದು ನಾನು ಹಲಗೆಯ ಮೇಲೆ ಎರಡು ಕಾಲಂ ಮಾಡಿ ಬರೆಸಿದ್ದು ಅವಳ ಬಾಯಲ್ಲಿ ಹೀಗೆ ಬಂತು. ಮತ್ತೆ ಕಾರ್ಡು ಎತ್ತಿಸಿದಾಗ ಹೆಚ್ಚಿನವರು ಸರಿ ಉತ್ತರಕ್ಕೆ ಬಂದಿದ್ದರು.

ಈ ಕ್ರಮ ನನ್ನದಲ್ಲ. ಹಾರ್ವರ್ಡ್‌ನ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಪಿಸಿದ್ದು. ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದರು, ಆದರೆ ಬಲ ಮತ್ತು ಚಲನೆಯ ಬಗ್ಗೆ ಸರಳ ಮಾತಿನ ಪ್ರಶ್ನೆ ಕೇಳಿದರೆ ತಡವರಿಸುತ್ತಿದ್ದರು. ಅಂಥ ಪರೀಕ್ಷೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದ ಪ್ರಕಾರ ಉತ್ತರಿಸಬೇಕೋ, ನಾನು ನಿಜವಾಗಿ ಯೋಚಿಸುವ ಪ್ರಕಾರವೋ ಎಂದು ಕೇಳಿದಳಂತೆ. ಆ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಒಬ್ಬೊಬ್ಬರೇ ಯೋಚಿಸಿ ಉತ್ತರಿಸುವುದು, ಪಕ್ಕದವರನ್ನು ಒಪ್ಪಿಸಲು ನೋಡುವುದು, ಮತ್ತೆ ಉತ್ತರಿಸುವುದು: ಇಷ್ಟೇ ಆ ಕ್ರಮ. ಹಾರ್ವರ್ಡ್‌ನಲ್ಲಿ ಇದಕ್ಕೆ ರಿಮೋಟ್‌ನಂಥ ಕ್ಲಿಕ್ಕರ್‌ಗಳು ಬಂದವು. ನಮಗೆ ರಟ್ಟಿನ ಕಾರ್ಡು ಸಾಕು.

ಇನ್ನೊಂದು ಸಲಕರಣೆ ಜಿಯೋಜೀಬ್ರಾ, ಗಣಿತದ ರೇಖಾಚಿತ್ರ ಬರೆದು ಅಲುಗಿಸಿ ನೋಡುವ ತಂತ್ರಾಂಶ, ಉಚಿತವಾಗಿ ಸಿಗುತ್ತದೆ. ಕಪ್ಪುಹಲಗೆಯ ಮೇಲೆ ರೇಖೆ ಎಂದೂ ಸರಿಯುವುದಿಲ್ಲ, ಪಕ್ಕದಲ್ಲಿ ಇನ್ನೊಂದು ರೇಖೆ ಹುಟ್ಟುತ್ತದೆ. ‘ಡಿ’ ಒಂದು, ‘ಡಿ’ ಎರಡು. ಎರಡು ರೇಖೆ ಕಂಡವರು ಎರಡು ವಸ್ತುಗಳ ಬೇಡಿಕೆ ಎಂದುಕೊಳ್ಳುತ್ತಾರೆ, ಇದನ್ನು ಉತ್ತರ ಪತ್ರಿಕೆಗಳಲ್ಲೇ ನೋಡಿದ್ದೇನೆ. ಜಿಯೋಜೀಬ್ರಾದಲ್ಲಿ ಆದಾಯದ ಗುಂಡಿಯನ್ನು ಬೆರಳಲ್ಲಿ ಎಳೆದರೆ ಅದೇ ರೇಖೆ ಕಣ್ಣೆದುರೇ ಜರುಗುತ್ತದೆ. ಸ್ಮಾರ್ಟ್ ಬೋರ್ಡಿಗೆ ಕೊಟ್ಟ ದುಡ್ಡು ಅವತ್ತು ಸಾರ್ಥಕ ಎನಿಸಿತು. ಅದರ ಮೇಲೆ ಅಕ್ಷರ ತುಂಬಿದ ಸ್ಲೈಡುಗಳನ್ನು ಓದಿ ಹೇಳುವಾಗ ಹಾಗೆ ಎನಿಸಿದ್ದಿಲ್ಲ.

ವಾರದ ಕೊನೆಗೆ ಒಂದು ಗೂಗಲ್ ಫಾರ್ಮ್ ಕಳಿಸುತ್ತೇನೆ. ಪ್ರಶ್ನೆ ಒಂದೇ: ಈ ವಾರ ಅರ್ಥವಾಗದೇ ಉಳಿದದ್ದೇನು? ಹೆಸರು, ಇಮೇಲ್ ಕೇಳುವುದಿಲ್ಲ. ಮೊಬೈಲ್ ಇಲ್ಲದವರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ‘ಎಲ್ಲ ಅರ್ಥವಾಯಿತು ಮೇಡಂ’ ಎಂಬುದೇ ಮೊದಮೊದಲು ಬಂದದ್ದು. ಆಮೇಲೆ ಒಬ್ಬರು ಬರೆದರು: ‘ಗಣಿತದಲ್ಲಿ ಕಾರಣವಾದದ್ದನ್ನು ಅಡ್ಡಗೆರೆಯಲ್ಲಿ ಹಾಕಿ ಅಂತ ಕಲಿಸಿದ್ದಾರೆ. ಬೆಲೆಯಿಂದ ಬೇಡಿಕೆ ಅಂತ ನೀವು ಹೇಳುತ್ತೀರಿ, ಬೆಲೆಯನ್ನು ಮಾತ್ರ ನಿಂತ ಗೆರೆಯಲ್ಲಿ ಹಾಕುತ್ತೀರಿ. ಯಾಕೆ?’ ಎಷ್ಟು ಸೊಗಸಾದ ಪ್ರಶ್ನೆ! ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಹತ್ತೊಂಬತ್ತನೇ ಶತಮಾನದಲ್ಲಿ ಬೆಲೆಯನ್ನು ಲಂಬ ಅಕ್ಷದಲ್ಲಿಟ್ಟು ಚಿತ್ರ ಬರೆದರು, ಇಂತಿಷ್ಟು ಸರಕಿಗೆ ಜನ ಎಷ್ಟು ಕೊಡಲು ಸಿದ್ಧ ಎಂಬ ದಿಕ್ಕಿನಿಂದ ಅವರು ಯೋಚಿಸುತ್ತಿದ್ದರು. ಅದೇ ರೂಢಿಯಾಗಿ ಉಳಿದುಬಿಟ್ಟಿತು. ಮುಂದಿನ ತರಗತಿ ಪೂರ್ತಿ ಇದರ ಮೇಲೆಯೇ ನಡೆಯಿತು. ಆ ಪ್ರಶ್ನೆ ಯಾರದ್ದೆಂದು ನನಗೆ ಇನ್ನೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಪಿಡಿಎಫ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ಸಿಟ್ಟಿದೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸ್ ಕಡತ ಮೊಬೈಲಿನಲ್ಲಿ ತೆರೆದರೆ ಯಾವ ಭಾಷೆಯೂ ಅಲ್ಲದ ಚಿಹ್ನೆಗಳು ಕಾಣುತ್ತವೆ. ಅದಕ್ಕೆ ನಾವು ಕಂಡುಕೊಂಡ ಪರಿಹಾರ, ಪ್ರಿಂಟ್ ತೆಗೆದು, ಮೊಬೈಲಿನಲ್ಲಿ ಫೋಟೊ ಹೊಡೆದು, ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಹಾಳೆ ಓರೆಯಾಗಿರುತ್ತದೆ, ಮೂಲೆಯಲ್ಲಿ ಅಧ್ಯಾಪಕರ ಬೆರಳಿರುತ್ತದೆ. ಅದರಲ್ಲಿ ಒಂದು ಪದ ಹುಡುಕಲು ಬರುವುದಿಲ್ಲ. ಬಿ.ಎ. ತರಗತಿಗಳಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳು ಇರುತ್ತಾರೆ. ಎಲ್ಲ ಸಾಧನಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿರುವ ಕನ್ನಡವನ್ನು ಅವರ ಮೊಬೈಲಿನ ಟಾಕ್‌ಬ್ಯಾಕ್ ಗಟ್ಟಿಯಾಗಿ ಓದಿ ಹೇಳುತ್ತದೆ. ಫೋಟೊದ ಮುಂದೆ ಅದು ತೆಪ್ಪಗಾಗುತ್ತದೆ. ಹೊಸ ನುಡಿಯಲ್ಲೇ ಯೂನಿಕೋಡ್ ಇದೆ, ಹಳೆಯ ಕಡತವನ್ನು ಪರಿವರ್ತಿಸುವ ಸಾಧನಗಳೂ ಉಚಿತವಾಗಿ ಸಿಗುತ್ತವೆ. ಕೋಟಿಗಟ್ಟಲೆ ಖರ್ಚಿನ ಯಾವ ಯೋಜನೆಗಿಂತ ಮೊದಲು ಈ ಒಂದು ಕೆಲಸ ಆಗಬೇಕಿತ್ತು.

ಈಗ ಎಐ. ಅಸೈನ್‌ಮೆಂಟ್ ಕೈಬರಹದಲ್ಲೇ ಇರಬೇಕು ಎಂದು ಕಟ್ಟಪ್ಪಣೆ ಮಾಡಿದೆವು. ಮಕ್ಕಳು ವಿಧೇಯರು, ಕೈಬರಹದಲ್ಲೇ ತಂದರು. ಒಂದರ ಮೊದಲ ಸಾಲು ಹೀಗಿತ್ತು: ‘ಖಂಡಿತ! ಹಣದುಬ್ಬರದ ಬಗ್ಗೆ ಸರಳ ಪ್ರಬಂಧ ಇಲ್ಲಿದೆ.’ ನೀಲಿ ಶಾಯಿ, ಕೆಳಗೆ ಸ್ಕೇಲಿನಲ್ಲಿ ಎಳೆದ ಗೆರೆ. ನಕ್ಕೆ, ಆಮೇಲೆ ನಗು ನಿಂತಿತು. ವಿದ್ಯಾರ್ಥಿಯ ತಲೆಯಲ್ಲಿ ಏನಿದೆ ಎಂದು ತಿಳಿಯಲು ನಮಗಿದ್ದ ಹಳೆಯ ದಾರಿಯೂ ಹೀಗೆ ಮುಚ್ಚುತ್ತಿದೆ. ಆದರೆ ಅದಕ್ಕೂ ಮೊದಲು ಗೈಡು ನೋಡಿ ಬರೆಯುತ್ತಿದ್ದವರೇ ಅಲ್ಲವೇ? ಈಗ ಪ್ರಶ್ನೆ ಬದಲಿಸಿದ್ದೇನೆ. ನಿಮ್ಮ ಊರಿನ ಸಂತೆಯಲ್ಲಿ ಒಂದು ತರಕಾರಿಯ ಬೆಲೆ ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ಯಾಕೆ ವ್ಯತ್ಯಾಸ ಎಂದು ಬರೆದು ತನ್ನಿ. ಅದೇ ಪ್ರಶ್ನೆಯನ್ನು ಎಐಗೂ ಕೇಳಿ, ಅದು ಎಲ್ಲಿ ಎಡವಿದೆ ಎಂದು ಗುರುತು ಹಾಕಿ. ಬರೆದು ತಂದವರನ್ನು ಎರಡು ನಿಮಿಷ ಕೂರಿಸಿ ಮಾತಾಡಿಸುತ್ತೇನೆ. ದೊಡ್ಡ ತರಗತಿಯಲ್ಲಿ ಇದು ಪೂರ್ತಿ ಸಾಧ್ಯವಾಗುವುದಿಲ್ಲ, ಸರದಿಯಂತೆ ಮಾಡುತ್ತೇನೆ.

ಸಿಲಬಸ್ ಮುಗಿಯುವುದು ಹೇಗೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಭಾಗ ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರಿಗೆ, ಸ್ವಂತ ದುಡ್ಡಿನಲ್ಲಿ ರೀಚಾರ್ಜ್ ಮಾಡಿಕೊಂಡು ಹೊಸ ಆ್ಯಪ್ ಕಲಿಯಿರಿ ಎಂದು ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ತರಬೇತಿ ಕೊಡುವುದಾದರೆ ಮೊದಲು ಅವರಿಗೆ ಕೊಡಬೇಕು, ಕರ್ತವ್ಯದ ವೇಳೆಯಲ್ಲೇ ಕೊಡಬೇಕು. ಸಮಯದ ಮಾತಾದರೆ, ನಾನು ಕೈಬಿಟ್ಟದ್ದು ನೋಟ್ಸ್ ಬರೆಸುವುದನ್ನು. ಅದನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಮೊದಲೇ ಕೊಟ್ಟುಬಿಡುತ್ತೇನೆ. ಉಳಿದ ಹೊತ್ತು ಕಾರ್ಡಿಗೆ, ಗದ್ದಲಕ್ಕೆ.

ಸೂಕ್ಷ್ಮ ಅರ್ಥಶಾಸ್ತ್ರದ ಮೊದಲ ಎರಡು ಘಟಕಗಳಿಗೆ ಇಂಥ ಪ್ರಶ್ನೆಗಳನ್ನು ಕನ್ನಡದಲ್ಲಿ ಮಾಡಿಟ್ಟಿದ್ದೇನೆ. ಸರಿ ಉತ್ತರ ಬರೆಯುವುದು ಸುಲಭ. ವಿದ್ಯಾರ್ಥಿ ನಿಜವಾಗಿ ಮಾಡುವ ತಪ್ಪನ್ನು ಊಹಿಸಿ ಉಳಿದ ಮೂರು ಆಯ್ಕೆ ಬರೆಯುವುದೇ ಕಷ್ಟ, ಅಲ್ಲಿ ನನ್ನವು ಇನ್ನೂ ಸಪ್ಪೆಯಾಗಿವೆ. ಬೇಕಾದವರು ಕೇಳಿ, ಕಡತ ಕಳಿಸುತ್ತೇನೆ. ಬಳಸಿದ ಮೇಲೆ ನಿಮ್ಮ ತರಗತಿ ಯಾವ ತಪ್ಪು ಉತ್ತರಕ್ಕೆ ಹೆಚ್ಚು ಕಾರ್ಡು ಎತ್ತಿತು ಎಂದು ಬರೆಯಿರಿ. ಬಳ್ಳಾರಿಯ ಹುಡುಗರೂ ಟೊಮೆಟೊ ರೇಖೆಯನ್ನು ಎಡಕ್ಕೇ ಸರಿಸುತ್ತಾರೋ ನೋಡಬೇಕು.