ಚುಕ್ಕಿ ಇಟ್ಟೇ ಬದುಕು ಕಳೆದರೆ ಅದು ದೊಡ್ಡ ಕಲೆಯೇ?

ಜಪಾನಿನ ಯಾಯೋಯಿ ಕುಸಾಮಾ ಬಾಲ್ಯದಿಂದಲೂ ಚುಕ್ಕಿ ಇಡುತ್ತ ಬಂದವರು. ಅವರನ್ನು ನಮ್ಮ ಕಾಲದ ದೊಡ್ಡ ಕಲಾವಿದೆ ಎನ್ನಬಹುದೇ? ಮಂಗಳೂರಿನ ನಿವೃತ್ತ ಚಿತ್ರಕಲಾ ಶಿಕ್ಷಕಿಯೊಬ್ಬರು ಹೌದು ಎನ್ನುತ್ತಾರೆ. ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಅಲ್ಲ ಎನ್ನುವ ಕೆಲಸ ಬಿದ್ದಿದೆ.

ಪರ: ಸಾವಿರ ಚುಕ್ಕಿ ಇಟ್ಟು ಬನ್ನಿ, ಆಮೇಲೆ ಮಾತಾಡುವ

ಪಾಠ ಮಾಡಿದ 31 ವರ್ಷಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು, "ಇದನ್ನು ನಾನೂ ಮಾಡ್ತೇನೆ ಟೀಚರ್." ಕುಸಾಮಾ ಅವರ ಕಪ್ಪು ಚುಕ್ಕಿಗಳ ಹಳದಿ ಕುಂಬಳಕಾಯಿ ಶಿಲ್ಪದ ಫೋಟೋ ತೋರಿಸಿದ ದಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಅದನ್ನೇ ಹೇಳಿದ. ಆಯ್ತು ಮಾರಾಯ, ಮಾಡು ಎಂದು ಡ್ರಾಯಿಂಗ್ ಹಾಳೆ ಕೊಟ್ಟು ಕೂರಿಸಿದೆ. ಒಂದೇ ಅಳತೆಯ ಸಾವಿರ ಚುಕ್ಕಿ. ಸ್ಕೇಲ್ ಇಲ್ಲ, ಮೊದಲೇ ಗುರುತು ಹಾಕುವ ಹಾಗಿಲ್ಲ. ಇನ್ನೂರು ದಾಟುವಾಗ ಚುಕ್ಕಿಗಳಿಗೆ ಬಾಲ ಬಂತು. ಮುನ್ನೂರಕ್ಕೆ ಅವನಿಗೆ ಬಾಯಾರಿಕೆ. ನೀರು ಕುಡಿದು ಬರ್ತೇನೆ ಎಂದವನು ಬಂದದ್ದು ಗಂಟೆ ಹೊಡೆದ ಮೇಲೆ, ಬ್ಯಾಗು ತಗೊಂಡು ಹೋಗಲಿಕ್ಕೆ.

ಕುಸಾಮಾ ಹುಟ್ಟಿದ್ದು 1929ರಲ್ಲಿ, ಮಾತ್ಸುಮೊಟೊದಲ್ಲಿ. ಮನೆಯವರದ್ದು ಬೀಜ, ಸಸಿಗಳ ವ್ಯಾಪಾರ. ಚಿಕ್ಕಂದಿನಲ್ಲೇ ಇಲ್ಲದ್ದೆಲ್ಲ ಕಾಣತೊಡಗಿತು. ಮೇಜುಬಟ್ಟೆಯ ಕೆಂಪು ಹೂ ಗೋಡೆಗೆ ಹತ್ತಿ, ಮಾಡಿಗೆ ಹತ್ತಿ, ಕೊನೆಗೆ ತನ್ನ ಮೈಯನ್ನೂ ಮುಚ್ಚಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಹೆದರಿದ ಹುಡುಗಿ ಕಂಡದ್ದನ್ನು ಕಾಗದಕ್ಕೆ ಇಳಿಸಿದಳು. ತಾಯಿ ಆ ಕಾಗದ ಕಿತ್ತು ಹರಿದಳು. ಹತ್ತನೇ ವಯಸ್ಸಿನಲ್ಲಿ ಬಿಡಿಸಿದ ಹೆಂಗಸೊಬ್ಬಳ ಪೆನ್ಸಿಲ್ ಚಿತ್ರ ಹೇಗೋ ಉಳಿದುಕೊಂಡಿದೆ: ಮುಖದ ಮೇಲೂ ಚುಕ್ಕಿ, ಸುತ್ತಲೂ ಚುಕ್ಕಿ. ಇದನ್ನು ಫ್ಯಾಶನ್ ಎನ್ನುವವರು ಹತ್ತನೇ ವಯಸ್ಸಿನಲ್ಲಿ ತಾವು ಏನು ಮಾಡುತ್ತಿದ್ದೆವು ಎಂದು ನೆನಪು ಮಾಡಿಕೊಳ್ಳಲಿ.

1958ರಲ್ಲಿ ನ್ಯೂಯಾರ್ಕಿಗೆ ಬಂದರು. ಅಲ್ಲಿ ಮೊದಲು ಹೆಸರು ತಂದದ್ದು ಚುಕ್ಕಿಯಲ್ಲ, ಬಲೆ. ಕಪ್ಪು ಬಳಿದ ಕ್ಯಾನ್ವಾಸಿನ ಮೇಲೆ ಬಿಳಿ ಬಣ್ಣದ ಪುಟ್ಟ ಪುಟ್ಟ ಕುಣಿಕೆಗಳು, ಒಂದಕ್ಕೊಂದು ಅಂಟಿಕೊಂಡು. ಎರಡು ಕುಣಿಕೆಗಳ ಸಂದಿಯಲ್ಲಿ ಇಣುಕುವ ಕಪ್ಪೇ ಚುಕ್ಕಿ. ಇಟ್ಟದ್ದಲ್ಲ, ಬಿಟ್ಟದ್ದು. ಇಂಥ ಒಂದು ಕ್ಯಾನ್ವಾಸ್ ಮೂವತ್ತು ಅಡಿಗೂ ಉದ್ದ ಇತ್ತು. ಬೆಂಗ್ರೆಯಲ್ಲಿ ಬಲೆ ಕಟ್ಟುವವರನ್ನು ಕೂತು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಎಲ್ಲ ಗಂಟೂ ಒಂದೇ, ಆದರೆ ಕೈ ದಣಿದಾಗ ಹಾಕಿದ ಗಂಟು ಯಾವುದು ಎಂದು ಬಲೆ ಹೇಳುತ್ತದೆ.

ನನ್ನ ಅಪ್ಪ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಧಾರಿ. ರಾವಣ, ಮಹಿಷಾಸುರ. ಆಟ ಊರಿನ ಹತ್ತಿರ ಇದ್ದರೆ ನನ್ನನ್ನೂ ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮುಖಕ್ಕೆ ಕೂತರೆ ಮೂರು ತಾಸು. ಅಕ್ಕಿ ಅರೆದು ಸುಣ್ಣ ಬೆರೆಸಿದ ಹಿಟ್ಟು ಗೆರಟೆಯಲ್ಲಿ, ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಹಿಡಿಸೂಡಿಯ ಕಡ್ಡಿ. ಹುಬ್ಬಿನ ಮೇಲೊಂದು ಸಾಲು ಚುಟ್ಟಿ, ಅಂದರೆ ಆ ಹಿಟ್ಟಿನ ಚುಕ್ಕಿ, ಕೆನ್ನೆಯ ಸುತ್ತ ಇನ್ನೊಂದು ಸಾಲು. ಒಣಗಿದ ಚುಕ್ಕಿಯ ತಲೆಯ ಮೇಲೆ ಮತ್ತೊಂದು ಚುಕ್ಕಿ, ಮುಳ್ಳಿನ ಹಾಗೆ ಏಳುವ ತನಕ. ಹಿಟ್ಟು ಒಣಗಿ ಚರ್ಮ ಎಳೆಯತೊಡಗಿದ ಮೇಲೆ ಅಪ್ಪ ಮಾತಾಡುತ್ತಿರಲಿಲ್ಲ, ನಕ್ಕರೆ ಬಿರುಕು ಬಿಡುತ್ತದೆ ಎಂದು. ನೀರು ಬೇಕಾದರೆ ಕಣ್ಣಲ್ಲೇ ಕೇಳಬೇಕು. ನಾನು ಚುಟ್ಟಿ ಎಣಿಸುತ್ತ ಎಣಿಸುತ್ತ ನಿದ್ದೆ ಹೋಗುತ್ತಿದ್ದೆ. ಎಚ್ಚರಾಗುವಾಗ ಅಲ್ಲಿ ಅಪ್ಪ ಇಲ್ಲ, ರಾವಣ ಕೂತಿರುತ್ತಿದ್ದ. ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಎಲ್ಲ ಕಿತ್ತು ಹಾಕುವುದು. ಕಿವಿಯ ಹಿಂದೆ ಒಂದೆರಡು ಉಳಿದು ಮನೆಯ ತನಕ ಬರುತ್ತಿದ್ದವು. ಅಮ್ಮ ಗೊಣಗುತ್ತ ಉಗುರಿನಲ್ಲಿ ತೆಗೆಯುತ್ತಿದ್ದರು. ಸಂಜೆ ಪುನಃ ಮೊದಲ ಚುಟ್ಟಿಯಿಂದ.

ನಿನ್ನೆ ಇಟ್ಟದ್ದನ್ನೇ ಇವತ್ತೂ ಯಾಕೆ ಇಡ್ತೀರಿ ಎಂದು ಅಪ್ಪನನ್ನು ಯಾರೂ ಕೇಳಿದ್ದಿಲ್ಲ. ಟೋಕಿಯೊದ ಅಜ್ಜಿಯನ್ನು ಮಾತ್ರ ಕೇಳುತ್ತಾರೆ.

1977ರಿಂದ ಅವರ ವಾಸ ಟೋಕಿಯೊದ ಮಾನಸಿಕ ಆಸ್ಪತ್ರೆಯಲ್ಲಿ. ಯಾರೂ ಸೇರಿಸಿದ್ದಲ್ಲ, ತಾವಾಗಿ ಹೋದದ್ದು. ಸ್ಟುಡಿಯೊ ಅಲ್ಲೇ ಹತ್ತಿರ. ಎಂಬತ್ತನೇ ವಯಸ್ಸಿನಲ್ಲಿ, 2009ರಲ್ಲಿ, ಹೊಸ ಸರಣಿಯೊಂದನ್ನು ಶುರು ಮಾಡಿ ನೂರಾರು ಕ್ಯಾನ್ವಾಸ್ ಮುಗಿಸಿದರು. ಚುಕ್ಕಿ ಎಂದರೆ ನಮ್ಮ ಭಾಷೆಯಲ್ಲಿ ನಕ್ಷತ್ರವೂ ಹೌದು. ಕುಸಾಮಾ ಹೇಳುತ್ತ ಬಂದದ್ದೂ ಅದೇ: ಈ ಭೂಮಿ ಒಂದು ಚುಕ್ಕಿ, ನಾನು ಇನ್ನೊಂದು.

ದುಡ್ಡು ಮಾಡಿದರಲ್ಲ ಎಂಬ ತಕರಾರು ಬರುತ್ತದೆ, ಗೊತ್ತು. ಕಲಾವಿದ ಉಪವಾಸ ಬಿದ್ದರೆ ಮಾತ್ರ ಶಾಲು ಹೊದೆಸುವ ಜನರೊಂದಿಗೆ ನನಗೆ ವಾದ ಇಲ್ಲ. ಅಪ್ಪನಿಗೆ ಮನೆಯಲ್ಲಿ ಅಂಥ ಹನ್ನೊಂದು ಶಾಲುಗಳಿದ್ದವು.

ವಿರೋಧ: ಶಕುನಿಯ ಪಾತ್ರ ಕೊಟ್ಟಿದ್ದಾರೆ, ಅರ್ಥ ಹೇಳುತ್ತೇನೆ

ವೇಷ ಇಲ್ಲದೆ ಕೂತು ಮಾತಿನಲ್ಲೇ ಪಾತ್ರ ವಾದಿಸುವ ತಾಳಮದ್ದಳೆಯಲ್ಲಿ ಪಾತ್ರ ಹಂಚಿ ಆದ ಮೇಲೆ ತಕರಾರು ಮಾಡುವ ಹಾಗಿಲ್ಲ. ಫೋನು ಬಂದಾಗ "ಪರ"ದ ಬದಿ ಆಗಲೇ ಹೋಗಿತ್ತು, ನನಗೆ ಉಳಿದದ್ದು ಇದು. ಬ್ಯಾಂಕಿನಲ್ಲಿದ್ದವನಾದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ.

1966ರಲ್ಲಿ ಈ ಮಹಿಳೆ ವೆನಿಸ್ಸಿನ ಬಿಯೆನಾಲೆ ಎಂಬ ದೊಡ್ಡ ಕಲಾಮೇಳದ ಹುಲ್ಲಿನ ಮೇಲೆ 1500 ಕನ್ನಡಿ ಚೆಂಡುಗಳನ್ನು ಹರಡಿ, ಒಂದಕ್ಕೆ ಎರಡು ಡಾಲರಿನಂತೆ ಮಾರಲು ನಿಂತರು. ಸಂಘಟಕರು ಬಂದು ನಿಲ್ಲಿಸಿದರು. ಕಲೆಯ ಮಾರಾಟವನ್ನು ಗೇಲಿ ಮಾಡಿದ್ದು ಎಂದು ಬಲ್ಲವರು ಹೊಗಳುತ್ತಾರೆ. ಒಳ್ಳೆಯದು. ಅದೇ ಕುಸಾಮಾ ಅವರ ಚುಕ್ಕಿ 2012ರಲ್ಲಿ ಲೂಯಿ ವಿಟಾನ್ ಎಂಬ ದುಬಾರಿ ಕಂಪನಿಯ ಕೈಚೀಲದ ಮೇಲೆ ಬಂತು, 2023ರಲ್ಲಿ ಮತ್ತೆ ಬಂತು. ಆಗ ಗೇಲಿ ಯಾರದ್ದು? ಪ್ಯಾರಿಸ್ಸಿನ ಅಂಗಡಿಯ ಕಟ್ಟಡಕ್ಕೆ ಅವರದ್ದೇ ದೈತ್ಯ ಪ್ರತಿಮೆ ಒರಗಿಸಿದರು. ನ್ಯೂಯಾರ್ಕಿನ ಅಂಗಡಿಯ ಗಾಜಿನೊಳಗೆ ಅವರದ್ದೇ ರೂಪದ ಯಂತ್ರದ ಗೊಂಬೆ ಬ್ರಷ್ ಹಿಡಿದು ಚುಕ್ಕಿ ಇಡುತ್ತಿತ್ತು. ಗೊಂಬೆಗೂ ಇಡಲಿಕ್ಕೆ ಬರುತ್ತದೆ ಎಂದು ಅಂಗಡಿಯವನೇ ತೋರಿಸಿಕೊಟ್ಟ ಮೇಲೆ ನಾನು ಹೆಚ್ಚು ಹೇಳಬೇಕೇ?

ಕಾಯಿಲೆಯ ಮಾತು ಎತ್ತುತ್ತಾರೆ. ಅದು ಡಾಕ್ಟರರ ವಿಷಯ. ನನಗೂ ಸಕ್ಕರೆ ಕಾಯಿಲೆ ಉಂಟು. ಹಾಗೆಂದು ನಾನು ಬರೆದ ಲೆಡ್ಜರನ್ನು ಯಾರೂ ಫ್ರೇಮು ಹಾಕಿಸಲಿಲ್ಲ.

ಚುಕ್ಕಿಯ ವ್ಯಾಪಾರಕ್ಕೆ ಇನ್ನೊಬ್ಬರಿದ್ದಾರೆ, ಇಂಗ್ಲೆಂಡಿನ ಕಲಾವಿದ ಡೇಮಿಯನ್ ಹರ್ಸ್ಟ್. ಅವರ ಚುಕ್ಕಿಗಳಲ್ಲಿ ಬಹುಪಾಲು ಇಟ್ಟದ್ದು ಸಹಾಯಕರು. 2012ರಲ್ಲಿ ಒಂದೇ ಹೊತ್ತಿಗೆ 11 ಗ್ಯಾಲರಿಗಳಲ್ಲಿ ಚುಕ್ಕಿಯೇ ಚುಕ್ಕಿ. ಅವರು ಬೇರೆ, ಇವರು ಬೇರೆ ಎನ್ನಬಹುದು. ಇರಬಹುದು. ದೂರದಿಂದ ನೋಡುವ ನನ್ನಂಥವನಿಗೆ ಎರಡೂ ಚುಕ್ಕಿಯೇ.

ನಮ್ಮ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ಗೆರೆ ನೋಡಿ. ಪೆನ್ನು ಎತ್ತಿದರೋ ಇಲ್ಲವೋ ಎನ್ನುವ ಹಾಗೆ ನಾಲ್ಕೇ ಗೆರೆ, ನರ್ತಕಿ ಎದ್ದು ನಿಲ್ಲುತ್ತಾಳೆ. ಗೆರೆ ಎಲ್ಲಿಗೋ ಹೋಗುತ್ತದೆ. ಚುಕ್ಕಿ ಇದ್ದಲ್ಲೇ ಇರುತ್ತದೆ.

ಇಷ್ಟು ಹೇಳಿ ಮುಗಿಸಬಹುದಿತ್ತು, ಆದರೆ ಒಂದು ಸಂಗತಿ ಬಾಕಿ ಇದೆ. ಸಿಂಗಾಪುರದ ಮಗಳ ಮನೆಗೆ ಹೋಗಿದ್ದಾಗ ಕುಸಾಮಾ ಅವರ ಪ್ರದರ್ಶನಕ್ಕೆ ಎಳೆದುಕೊಂಡು ಹೋದರು. ಉದ್ದದ ಕ್ಯೂ. ಕೃಷ್ಣ ಮಠದ ಪರ್ಯಾಯಕ್ಕೂ ಅಷ್ಟು ಹೊತ್ತು ನಿಂತವನಲ್ಲ ನಾನು. ಕನ್ನಡಿ ಕೋಣೆಯೊಳಗೆ ಬಿಡುವುದು ಅರೆ ನಿಮಿಷ. "ಅಜ್ಜ, ಫೋಟೋ ನೀವು ತೆಗೀಬೇಕು, ಬೇಗ ಬೇಗ" ಎಂದು ಮೊಮ್ಮಗಳು ಫೋನು ಕೊಟ್ಟು, ಎರಡು ಸಲ ಕಲಿಸಿಯೂ ಕೊಟ್ಟಿದ್ದಳು. ಬಾಗಿಲು ಹಾಕಿದರು. ಕತ್ತಲು. ಆಮೇಲೆ ದೀಪಗಳು, ಕಾಲ ಬುಡದಿಂದ ಕೆಳಕ್ಕೆ, ತಲೆಯ ಮೇಲೆ, ಗೋಡೆಯೇ ಇಲ್ಲದ ಹಾಗೆ. ಕರೆಂಟಿಲ್ಲದ ಕಾಲದಲ್ಲಿ ಮಲ್ಪೆಯ ಹೊಯ್ಗೆಯ ಮೇಲೆ ಅಂಗಾತ ಮಲಗಿದ್ದು ನೆನಪಾಯಿತು. ಮೊಮ್ಮಗಳು ನನ್ನ ಬೆರಳು ಹಿಡಿದುಕೊಂಡಳು.

ಬಾಗಿಲು ತೆರೆಯಿತು. ಹೊರಗೆ ಬಂದು ಮಗಳು ಫೋನು ಕೇಳಿದಳು. ಒಂದೂ ಫೋಟೋ ಇರಲಿಲ್ಲ.