ಕಿಪ್ಯೆಗಾನ್ ಓಟಕ್ಕೆ ಗಂಡಸರ ಗಡಿಯಾರ ಯಾಕೆ?

2025ರ ಜೂನ್ 26ರ ರಾತ್ರಿ ನಿದ್ದೆಗೆಟ್ಟು ಫೋನ್ ಹಿಡಿದು ಕೂತಿದ್ದೆ. ಪ್ಯಾರಿಸ್ಸಿನ ಶಾರ್ಲೆಟಿ ಸ್ಟೇಡಿಯಂನಲ್ಲಿ ಕೀನ್ಯಾದ ಓಟಗಾರ್ತಿ ಫೇಯ್ತ್ ಕಿಪ್ಯೆಗಾನ್ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಲು ಹೊರಟಿದ್ದರು. ಗಾಳಿ ತಡೆಯೋಕೆ, ವೇಗ ಹಿಡಿದುಕೊಡೋಕೆ ಸುತ್ತ ಓಡುವ 13 ಮಂದಿ ಪೇಸರ್‌ಗಳು, ಮೈಗಂಟಿದ ವಿಶೇಷ ಉಡುಪು, ಅವರಿಗೆಂದೇ ಮಾಡಿದ ಸ್ಪೈಕ್ಸ್ ಶೂ. ಮೂರು ಸುತ್ತಿನವರೆಗೂ ನನಗೆ ಆಸೆ ಇತ್ತು. ಕೊನೆಯ ಸುತ್ತಿನಲ್ಲಿ ಕಾಲು ಭಾರವಾಗಿದ್ದು ಕಣ್ಣಿಗೇ ಕಾಣುತ್ತಿತ್ತು. 4 ನಿಮಿಷ 6 ಸೆಕೆಂಡು ಚಿಲ್ಲರೆ. ಗೆರೆ ದಾಟಿದವರೇ ಟ್ರ್ಯಾಕ್ ಮೇಲೆ ಕುಸಿದರು.

ಬೆಳಿಗ್ಗೆ ಎದ್ದರೆ ನಮ್ಮ ಹಳೇ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮೆಸೇಜು: "ಆಗಲೇ ಇಲ್ಲ ನೋಡ್ರಪ್ಪಾ. ಗಂಡಸರು ಇದನ್ನ 1954ರಲ್ಲೇ ಮಾಡಿ ಮುಗಿಸಿದ್ದಾರೆ. ಅಮೆರಿಕದಲ್ಲಿ ಹೈಸ್ಕೂಲ್ ಹುಡುಗರೂ ಮಾಡ್ತಾರೆ." ಬರೆದವನು ಕೆಟ್ಟವನಲ್ಲ, ಹೇಳಿದ್ದರಲ್ಲಿ ಸುಳ್ಳೂ ಇಲ್ಲ. ರೋಜರ್ ಬ್ಯಾನಿಸ್ಟರ್ ಆಕ್ಸ್‌ಫರ್ಡಿನಲ್ಲಿ 3:59.4 ಓಡಿದ್ದು 1954ರ ಮೇ 6ರಂದು. ಜಿಮ್ ರಯನ್ ಅನ್ನೋ ಹೈಸ್ಕೂಲ್ ಹುಡುಗ 1964ರಲ್ಲೇ ನಾಲ್ಕು ನಿಮಿಷದೊಳಗೆ ಬಂದಿದ್ದ. ಆದರೂ ಆ ಮೆಸೇಜು ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿದೆ. ಗುಂಪಿನಲ್ಲಿ ನಾಲ್ಕು ಸಾಲಿನಲ್ಲಿ ಉತ್ತರಿಸುವ ಮಾತಲ್ಲ ಇದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ನಿಮಿಷ ಅನ್ನೋದು ಯಾರ ಲೆಕ್ಕ? ಮೈಲಿ ಅಂದರೆ 1609 ಮೀಟರ್, ನಾಲ್ಕು ಸುತ್ತಿಗೆ ಸ್ವಲ್ಪ ಮೇಲೆ. ಸುತ್ತಿಗೊಂದು ನಿಮಿಷ. ಗಂಡಸರ ಓಟ ಒಂದು ಕಾಲಕ್ಕೆ ಆ ದುಂಡು ಸಂಖ್ಯೆಯ ಹತ್ತಿರ ಬಂದು ನಿಂತಿತ್ತು, ಅದಕ್ಕೇ ಅದು ದೊಡ್ಡ ಗೋಡೆಯಾಯಿತು. ಹೆಂಗಸಿನ ದೇಹಕ್ಕೆ ಆ ಗೋಡೆಯನ್ನು ಯಾರೂ ಅಳೆದು ಕಟ್ಟಿದ್ದಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಮೈಲಿಯಲ್ಲಿ ಗಂಡಸರ ವಿಶ್ವದಾಖಲೆ ಮೊರಾಕ್ಕೋದ ಹಿಶಾಮ್ ಎಲ್ ಗೆರೂಜ್ 1999ರಲ್ಲಿ ರೋಮ್‌ನಲ್ಲಿ ಓಡಿದ 3:43.13. ಹೆಂಗಸರದ್ದು ಕಿಪ್ಯೆಗಾನ್ 2023ರಲ್ಲಿ ಮೊನಾಕೋದಲ್ಲಿ ಓಡಿದ 4:07.64. ಅಂತರ ಶೇ. 11ರಷ್ಟು. ನೂರು ಮೀಟರಿನ ವಿಶ್ವದಾಖಲೆ ಗಂಡಸರಲ್ಲಿ ಉಸೇನ್ ಬೋಲ್ಟ್ ಓಡಿದ 9.58 ಸೆಕೆಂಡು, ಹೆಂಗಸರಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಓಡಿದ 10.49, ಅಂತರ ಶೇ. ಒಂಬತ್ತೂವರೆ. ಓಟ ಯಾವುದೇ ಇರಲಿ, ಈ ಅಂತರ ಹೆಚ್ಚುಕಡಿಮೆ ಹತ್ತು ಹನ್ನೊಂದರ ಆಸುಪಾಸಿನಲ್ಲೇ ಇರುತ್ತದೆ. ಗಂಡುಹುಡುಗರಿಗೆ ಹದಿಹರೆಯದಲ್ಲಿ ಟೆಸ್ಟೋಸ್ಟೆರಾನ್ ಏರಿದಾಗ ಸ್ನಾಯು ಬೆಳೆಯುತ್ತದೆ, ಎತ್ತರ ಏರುತ್ತದೆ, ಹೃದಯ ಹಿರಿದಾಗುತ್ತದೆ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಹೆಚ್ಚುತ್ತದೆ. ಹುಡುಗಿ ಎಷ್ಟೇ ಬೆವರು ಸುರಿಸಿದರೂ ಆ ಇಂಧನ ಅವಳಿಗೆ ಸಿಗುವುದಿಲ್ಲ. ಹೈಸ್ಕೂಲ್ ಹುಡುಗನ ಮಾತಿಗೂ ಇದೇ ಉತ್ತರ: ಹದಿನೇಳು ತುಂಬುವ ಹೊತ್ತಿಗೆ ಅವನ ಮೈಗೆ ಅದು ಬಂದು ಸೇರಿರುತ್ತದೆ.

ಈಗ ಅದೇ ಶೇ. 11ನ್ನು ತಿರುಗಿಸಿ. ಹೆಂಗಸು ನಾಲ್ಕು ನಿಮಿಷಕ್ಕೆ ಮೈಲಿ ಓಡಬೇಕು ಅನ್ನೋದು, ಗಂಡಸು 3:36ಕ್ಕೆ ಓಡಬೇಕು ಅಂದ ಹಾಗೆ. 26 ವರ್ಷದಿಂದ ಯಾರೂ ಮುಟ್ಟಲಾಗದ ಎಲ್ ಗೆರೂಜ್ ದಾಖಲೆಗಿಂತ ಏಳು ಸೆಕೆಂಡು ಮುಂದೆ! ಅದನ್ನು ಯಾವ ಗಂಡಸಿನ ಹತ್ತಿರ ಕೇಳಿದ್ದೇವೆ? ಕಿಪ್ಯೆಗಾನ್ ಅದಕ್ಕೂ ಹೂಂ ಅಂದು ಟ್ರ್ಯಾಕಿಗಿಳಿದರು. ಆಗಲಿಲ್ಲ ಅನ್ನೋ ಮೊದಲು ಆ ಧೈರ್ಯ ಎಷ್ಟು ದೊಡ್ಡದು ಅಂತ ಒಮ್ಮೆ ನೋಡಬೇಕಿತ್ತು.

"ಎಪ್ಪತ್ತು ವರ್ಷ ಹಿಂದೆ" ಅನ್ನೋ ಧಾಟಿಯಲ್ಲಿ ಇನ್ನೂ ಒಂದು ಮರೆವು ಇದೆ. ಬ್ಯಾನಿಸ್ಟರ್ ಓಡಿದ 23 ದಿನಕ್ಕೆ, ಅದೇ ಇಂಗ್ಲೆಂಡಿನಲ್ಲಿ, ಡಯೇನ್ ಲೆದರ್ ಅನ್ನೋ ಹುಡುಗಿ ಐದು ನಿಮಿಷದೊಳಗೆ ಮೈಲಿ ಮುಗಿಸಿದ ಮೊದಲ ಹೆಣ್ಣಾದಳು. 4:59.6. ಬ್ಯಾನಿಸ್ಟರ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು, ಲೆದರ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೆಂಗಸರ ಮೈಲಿಗೆ ಅಧಿಕೃತ ವಿಶ್ವದಾಖಲೆ ಅಂತ ಬರೆದಿಡೋಕೆ ಶುರುಮಾಡಿದ್ದೇ 1967ರಲ್ಲಿ.

ಅದಕ್ಕೂ ಹಿಂದೆ ಹೋದರೆ ನನಗೆ ಸಿಟ್ಟೇ ಬರುತ್ತದೆ. 1928ರ ಆ್ಯಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮೊದಲ ಸಲ 800 ಮೀಟರ್ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ 2:16.8ಕ್ಕೆ ಗೆದ್ದರು. ಫೈನಲ್‌ನಲ್ಲಿ ಓಡಿದ ಒಂಬತ್ತೂ ಜನ ಗುರಿ ಮುಟ್ಟಿದ್ದರು. ಆದರೆ ಹೆಂಗಸರು ಸಾಲಾಗಿ ಕುಸಿದು ಬಿದ್ದರು ಅಂತ ಪತ್ರಿಕೆಗಳು ಬರೆದವು. ಓಡಿದ ಮೇಲೆ ಗಂಡಸರು ಬೀಳುವುದಿಲ್ಲವೇ? ಆ ಓಟವನ್ನು ತೆಗೆದೇಹಾಕಿದರು. ಮತ್ತೆ ಬಂದದ್ದು 1960ರಲ್ಲಿ. 1500 ಮೀಟರ್ 1972ಕ್ಕೆ, ಮ್ಯಾರಥಾನ್ 1984ಕ್ಕೆ, ಅಡ್ಡಗಟ್ಟೆ, ನೀರಿನ ಹೊಂಡ ಹಾರಿ ಓಡುವ ಸ್ಟೀಪಲ್‌ಚೇಸ್ 2008ಕ್ಕೆ. ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳಕೊಂಡ 400 ಮೀಟರ್ ಹರ್ಡಲ್ಸ್ ಇದೆಯಲ್ಲ, ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಅದನ್ನು ಇಟ್ಟದ್ದೂ ಅದೇ 1984ರಲ್ಲಿ ಮೊದಲು. ಬಾಗಿಲು ಹಾಕಿಟ್ಟು, ಆಮೇಲೆ ತಡವಾಗಿ ಬಂದಿರಿ ಅಂತ ಗಡಿಯಾರ ತೋರಿಸುವುದು ಯಾವ ನ್ಯಾಯ?

ಪ್ಯಾರಿಸ್ ಆಗಿ ಒಂಬತ್ತೇ ದಿನಕ್ಕೆ, ಜುಲೈ 5ರಂದು, ಅಮೆರಿಕದ ಯೂಜೀನ್‌ನಲ್ಲಿ ಕಿಪ್ಯೆಗಾನ್ 1500 ಮೀಟರನ್ನು 3:48.68ಕ್ಕೆ ಓಡಿ ತಮ್ಮದೇ ವಿಶ್ವದಾಖಲೆ ಮುರಿದರು. ಗಾಳಿ ತಡೆಯೋ 13 ಪೇಸರ್‌ಗಳ ಗೋಡೆ ಇಲ್ಲ, ನಿಜವಾದ ಸ್ಪರ್ಧೆ. ಅದೇ ದಿನ ಅದೇ ಟ್ರ್ಯಾಕಿನಲ್ಲಿ ಕೀನ್ಯಾದವರೇ ಆದ ಬಿಯಾಟ್ರಿಸ್ ಚೆಬೆಟ್ 5000 ಮೀಟರನ್ನು 13:58.06ಕ್ಕೆ ಮುಗಿಸಿ, 14 ನಿಮಿಷದೊಳಗೆ ಬಂದ ಮೊದಲ ಹೆಣ್ಣಾದರು. ಗಂಡಸರ ದಾಖಲೆಯ ಪಕ್ಕ ಇಟ್ಟರೆ ಅಲ್ಲೂ ಅದೇ ಶೇ. 11. ಅಂದರೆ ಚೆಬೆಟ್ ಓಟ ಗಂಡಸರ 5000 ಮೀಟರ್ ದಾಖಲೆಗೆ, ಉಗಾಂಡಾದ ಜೋಶುವಾ ಚೆಪ್ಟೆಗೆಯಿಯ 12:35ಕ್ಕೆ, ಸರಿಸಮ. ನಮ್ಮ ಗುಂಪಿನಲ್ಲಿ ಅವತ್ತು ಒಬ್ಬರೂ ಒಂದು ಮಾತು ಬರೆಯಲಿಲ್ಲ. ಆಗಲಿಲ್ಲ ಅನ್ನೋದಕ್ಕೆ ಬಂದ ಮೆಸೇಜು, ಆಯಿತು ಅನ್ನೋದಕ್ಕೆ ಬರಲಿಲ್ಲ. ನನಗೆ ನೋವಾದದ್ದು ಇಲ್ಲೇ.

ಇನ್ನೊಂದು ಮಾತು. 2018ರಲ್ಲಿ ಕಿಪ್ಯೆಗಾನ್‌ಗೆ ಮಗಳು ಹುಟ್ಟಿದಳು. ಮೇಲೆ ಹೇಳಿದ ಇಷ್ಟೂ ಓಟ ಅದರ ನಂತರದ್ದು. ಒಲಿಂಪಿಕ್ಸಿನಲ್ಲಿ 1500ರ ಮೂರು ಚಿನ್ನದಲ್ಲಿ ಎರಡು, ಟೋಕಿಯೋ ಮತ್ತು ಪ್ಯಾರಿಸ್, ಬಾಣಂತನ ಮುಗಿಸಿ ಬಂದು ಗೆದ್ದದ್ದು. ಇದಕ್ಕೆ ಹೋಲಿಸೋಕೆ ಗಂಡಸರ ಪಟ್ಟಿಯಲ್ಲಿ ಏನಿದೆ?

ನಮ್ಮಕ್ಕನ ಮಗಳು ಹೈಸ್ಕೂಲಿನಲ್ಲಿ 800 ಮೀಟರ್ ಓಡುತ್ತಾಳೆ. ಹೋದ ತಿಂಗಳು ಊರಿಗೆ ಹೋದಾಗ ಮೈದಾನದಲ್ಲಿ ನಾನೇ ಫೋನಿನಲ್ಲಿ ಟೈಮ್ ಹಿಡಿದೆ. 2:41. ಮುಖ ಸಪ್ಪೆ ಮಾಡಿಕೊಂಡಳು. "ಹುಡುಗರೆಲ್ಲ 2:20ರೊಳಗೆ ಬರ್ತಾರೆ ಮಾವ" ಅಂದಳು. ಅವಳಿಗೆ ಲೀನಾ ರಾಡ್ಕೆ ಕಥೆ ಹೇಳಿದೆ, ಒಂಬತ್ತೂ ಜನ ಓಡಿ ಮುಗಿಸಿದ್ದು, ಆಮೇಲೆ 32 ವರ್ಷ ಆ ಓಟವೇ ಇಲ್ಲದೆ ಹೋಗಿದ್ದು, ಎಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರ ಟೈಮು ಎಷ್ಟಂದ್ರಿ?" ಅಂತ ಕೇಳಿದಳು. 2:16.8 ಅಂದೆ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡು, ಅದರ ಕೆಳಗೆ ತನ್ನ 2:41ನ್ನೂ ಬರೆದು ಕಳೆಯುವ ಲೆಕ್ಕ ಹಾಕತೊಡಗಿದಳು.