ಕಬ್ಬರ್ಲಿ ಯಾರು ಅಂತ ಯಾರಿಗೂ ಖಬರಿಲ್ಲ

ಪ್ರತಿ ಶನಿವಾರ ಮಗಳನ್ನ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋಗೆ ಡ್ಯಾನ್ಸ್ ಕ್ಲಾಸಿಗೆ ಕರ್ಕೊಂಡು ಹೋಗೋದು ನನ್ನ ಡ್ಯೂಟಿ. ಕ್ಲಾಸ್ ನಡೆಯೋದು ಮಿಡಲ್‌ಫೀಲ್ಡ್ ರೋಡಲ್ಲಿರೋ ಕಬ್ಬರ್ಲಿ ಕಮ್ಯುನಿಟಿ ಸೆಂಟರಲ್ಲಿ. ಒಂದೇ ಅಂತಸ್ತಿನ ಹಳೇ ಬಿಲ್ಡಿಂಗ್‌ಗಳು, ನೋಡಿದ ತಕ್ಷಣ ಯಾವುದೋ ಕಾಲದ ಸ್ಕೂಲು ಅಂತ ಗೊತ್ತಾಗತ್ತೆ. ಒಂದು ರೂಮಲ್ಲಿ ಗೆಜ್ಜೆ ಸದ್ದು, ಪಕ್ಕದ ರೂಮಲ್ಲಿ ಪಿಟೀಲು, ಅದರಾಚೆ ಯಾರೋ ಯೋಗ ಮಾಡ್ತಾ ಮಲಗಿರ್ತಾರೆ. ಕಾಯ್ತಾ ಕೂತ ಅಪ್ಪಂದಿರನ್ನ ಒಂದು ದಿನ ಕೇಳಿದೆ, ಈ ಕಬ್ಬರ್ಲಿ ಅಂದ್ರೆ ಯಾರ್ರೀ ಅಂತ. ಒಬ್ರು ಯಾರೋ ಬಿಲ್ಡರ್ ಇರ್ಬೇಕು ಅಂದ್ರು, ಇನ್ನೊಬ್ರು ಅದೊಂದು ಹಣ್ಣಲ್ವಾ ಅಂದ್ರು. ಖಬರೇ ಇಲ್ಲ ಯಾರಿಗೂ.

ಮನೆಗೆ ಬಂದು ಓದ್ತಾ ಹೋದ್ರೆ ಇವನು ಸಾಮಾನ್ಯ ಆಸಾಮಿ ಅಲ್ಲ. ಎಲ್‌ವುಡ್ ಕಬ್ಬರ್ಲಿ, ಹುಟ್ಟಿದ್ದು 1868ರಲ್ಲಿ ಇಂಡಿಯಾನಾದಲ್ಲಿ (ಇಂಡಿಯಾ ಅಲ್ಲ, ಇಂಡಿಯಾನಾ, ವ್ಯತ್ಯಾಸ ಎಷ್ಟು ದೊಡ್ಡದು ಅಂತ ಮುಂದೆ ಗೊತ್ತಾಗತ್ತೆ). ಸ್ಯಾನ್ ಡಿಯಾಗೋದಲ್ಲಿ ಸ್ಕೂಲುಗಳ ಸೂಪರಿಂಟೆಂಡೆಂಟ್ ಆಗಿದ್ದೋನು 1898ರಲ್ಲಿ ಸ್ಟ್ಯಾನ್‌ಫರ್ಡಿಗೆ ಬಂದ, ಆಮೇಲೆ 1933ರವರೆಗೆ ಅಲ್ಲಿನ ಶಿಕ್ಷಣ ವಿಭಾಗಕ್ಕೆ ಡೀನ್ ಆಗಿದ್ದ. ಅಮೆರಿಕದಲ್ಲಿ ಸ್ಕೂಲ್ ನಡೆಸೋದು ಹೇಗೆ ಅಂತ ಒಂದು ತಲೆಮಾರಿನ ಅಧಿಕಾರಿಗಳಿಗೆಲ್ಲ ಪಾಠ ಹೇಳಿದ್ದೇ ಇವನ ಪುಸ್ತಕಗಳು. 1916ರ ಪುಸ್ತಕದಲ್ಲಿ ಬರೀತಾನೆ, ನಮ್ಮ ಸ್ಕೂಲುಗಳು ಒಂದರ್ಥದಲ್ಲಿ ಫ್ಯಾಕ್ಟರಿಗಳು, ಮಕ್ಕಳು ಕಚ್ಚಾ ಮಾಲು, ಅದನ್ನ ತಿದ್ದಿ ತೀಡಿ ಸಮಾಜಕ್ಕೆ ಬೇಕಾದ ಸರಕು ಮಾಡಿ ಹೊರಗೆ ಕಳಿಸ್ಬೇಕು ಅಂತ. ವ್ಯಂಗ್ಯ ಅಲ್ಲ ಸ್ವಾಮಿ, ಹೊಗಳಿಕೆ. ನಮ್ಮ ಕರಾವಳಿ ಹೆಂಚಿನ ಕಾರ್ಖಾನೆಯೋರು ಕೂಡ ಜೇಡಿಮಣ್ಣಿನ ಬಗ್ಗೆ ಇಷ್ಟು ನೇರವಾಗಿ ಮಾತಾಡಿರಲಿಕ್ಕಿಲ್ಲ.

ಕಚ್ಚಾ ಮಾಲಲ್ಲೂ ಇವನಿಗೆ ಗ್ರೇಡಿಂಗ್ ಇತ್ತು. 1909ರಲ್ಲಿ ಬರೆದ ಪುಸ್ತಕದಲ್ಲಿ ದಕ್ಷಿಣ ಮತ್ತು ಪೂರ್ವ ಯುರೋಪಿಂದ ಬಂದ ವಲಸಿಗರ ಬಗ್ಗೆ ಹೇಳ್ತಾನೆ, ಇವರು ಅನಕ್ಷರಸ್ಥರು, ಹೇಳಿದ್ದಕ್ಕೆಲ್ಲ ತಲೆ ಆಡ್ಸೋರು, ಸ್ವಂತ ಬುದ್ಧಿ ಇಲ್ಲ, ಕಾನೂನು ಸುವ್ಯವಸ್ಥೆ ಅಂದ್ರೆ ಏನೂಂತ ಗೊತ್ತಿಲ್ಲ ಅಂತ. ಇಟಲಿಯೋರಿಗೇ ಈ ಸರ್ಟಿಫಿಕೇಟ್ ಅಂದ್ರೆ ಅರಸೀಕೆರೆ, ತಿಪಟೂರು ಕಡೆಯಿಂದ ಎರಡು ಸೂಟ್‌ಕೇಸ್ ಮತ್ತು ಒಂದು ಪ್ರೆಶರ್ ಕುಕ್ಕರ್ ಹಿಡ್ಕೊಂಡು ಇಳಿದ ನಮ್ಮನ್ನ ನೋಡಿದ್ರೆ ಏನ್ ಕೊಡ್ತಿದ್ನೋ.

ಇವನೊಬ್ಬನೇ ಆಗಿದ್ರೆ ಪರ್ವಾಗಿಲ್ಲ. ಇವನ ಗುರು ಡೇವಿಡ್ ಸ್ಟಾರ್ ಜೋರ್ಡನ್, ಮೊದಲು ಇಂಡಿಯಾನಾ ಯೂನಿವರ್ಸಿಟಿಗೆ ಆಮೇಲೆ ಸ್ಟ್ಯಾನ್‌ಫರ್ಡಿಗೆ ಪ್ರೆಸಿಡೆಂಟ್ ಆದೋನು, ಮನುಷ್ಯರಲ್ಲಿ ಒಳ್ಳೇ ತಳಿ ಕೆಟ್ಟ ತಳಿ ಅಂತ ಬೇರೆ ಮಾಡ್ಬೇಕು ಅನ್ನೋ ಯೂಜೆನಿಕ್ಸ್ ಪಂಥದ ದೊಡ್ಡ ತಲೆ. ಅವನು ಕಬ್ಬರ್ಲಿನ ಕರ್ಕೊಂಡು ಬಂದ, ಕಬ್ಬರ್ಲಿ 1910ರಲ್ಲಿ ಲೂಯಿಸ್ ಟರ್ಮನ್ನನ್ನ ಕರ್ಕೊಂಡು ಬಂದ, ಅವನೂ ಇಂಡಿಯಾನಾದೋನೇ, ಅವನು 1916ರಲ್ಲಿ ಐಕ್ಯೂ ಟೆಸ್ಟ್ ತಂದು ಮಕ್ಕಳ ಬುದ್ಧೀನ ತಕ್ಕಡೀಲಿಟ್ಟು ತೂಗಿದ. ನಮ್ಮೂರ ಕಡೆ ಆಫೀಸಲ್ಲಿ ಸಾಹೇಬ್ರ ಊರಿನೋರೇ ತುಂಬ್ಕೊಂಡಾಗ ಜನ ಏನು ಮಾತಾಡ್ಕೋತಾರೋ ಅದನ್ನೇ ನಾನೂ ಅಂದ್ಕೊಂಡೆ. ಪಾಲೋ ಆಲ್ಟೋ ಜನ ಕೃತಜ್ಞತೆ ತಡೆಯಕ್ಕಾಗದೆ ಮೂವರ ಹೆಸರಲ್ಲೂ ಒಂದೊಂದು ಸ್ಕೂಲ್ ಮಾಡಿದ್ರು.

ಕಬ್ಬರ್ಲಿ ಹೈಸ್ಕೂಲ್ ಶುರುವಾಗಿದ್ದು 1956ರಲ್ಲಿ. ಹನ್ನೊಂದು ವರ್ಷ ಆದ್ಮೇಲೆ, 1967ರಲ್ಲಿ, ರಾನ್ ಜೋನ್ಸ್ ಅನ್ನೋ ಹಿಸ್ಟರಿ ಮೇಷ್ಟ್ರು ಜರ್ಮನಿ ಪಾಠ ಮಾಡ್ತಿದ್ರು. ಅಷ್ಟು ಜನ ಜರ್ಮನ್ನರಿಗೆ ಹಿಟ್ಲರ್ ಮಾಡ್ತಿದ್ದಿದ್ದು ಗೊತ್ತೇ ಇರ್ಲಿಲ್ಲ ಅಂದ್ರೆ ಹೇಗೆ ನಂಬೋದು ಅಂತ ಪ್ರಶ್ನೆ ಬಂತು. ಮೇಷ್ಟ್ರು ಬಾಯಲ್ಲಿ ಉತ್ತರ ಹೇಳ್ಲಿಲ್ಲ. ನೆಟ್ಟಗೆ ಕೂತ್ಕೊಳಿ ಅಂದ್ರು, ಶಿಸ್ತೇ ಶಕ್ತಿ ಅಂದ್ರು, ಒಂದು ಸೆಲ್ಯೂಟ್ ಹೇಳಿಕೊಟ್ರು, ಮೆಂಬರ್‌ಶಿಪ್ ಕಾರ್ಡ್ ಹಂಚಿದ್ರು. ಒಂದು ಕ್ಲಾಸಿನ ಮಕ್ಕಳಿಂದ ಶುರುವಾಗಿದ್ದು ವಾರ ಮುಗಿಯೋಷ್ಟರಲ್ಲಿ ಸುಮಾರು 200 ಜನ ಆಗೋಯ್ತು, ಒಬ್ಬರ ಮೇಲೆ ಒಬ್ಬರು ಚಾಡಿ ಹೇಳೋದೂ ಶುರುವಾಯ್ತು, ಕೊನೇಗೆ ಮೇಷ್ಟ್ರೇ ಹೆದರಿ ಇದು ಬರೀ ಪ್ರಯೋಗ ಕಣ್ರಪ್ಪಾ ಅಂತ ನಿಲ್ಲಿಸಿದ್ರು. ಅವರೆಲ್ಲ ಇಟಲಿಯಿಂದ ನಿನ್ನೆ ಇಳಿದ ವಲಸಿಗರಲ್ಲ, ಅಪ್ಪಟ ಪಾಲೋ ಆಲ್ಟೋ ಮಕ್ಕಳು. ಹೇಳಿದ್ದಕ್ಕೆಲ್ಲ ತಲೆ ಆಡ್ಸೋರು ಯಾರು ಅಂತ ಕಬ್ಬರ್ಲಿ ಹೆಸರಿನ ಬಿಲ್ಡಿಂಗಲ್ಲೇ ಪ್ರೂವ್ ಆಯ್ತು.

ಆಮೇಲೆ ಮಕ್ಕಳ ಸಂಖ್ಯೆ ಇಳೀತಾ ಬಂದು 1979ರಲ್ಲಿ ಸ್ಕೂಲೇ ಮುಚ್ಚಿದ್ರು. ಕಚ್ಚಾ ಮಾಲು ಸಪ್ಲೈ ಇಲ್ಲ, ಫ್ಯಾಕ್ಟರಿಗೆ ಬೀಗ. ಇಡೀ ಜಾಗ 35 ಎಕರೆ, ಅದರಲ್ಲಿ 27 ಸ್ಕೂಲ್ ಡಿಸ್ಟ್ರಿಕ್ಟಿಂದು (ಊರಿನ ಸರ್ಕಾರಿ ಸ್ಕೂಲುಗಳನ್ನ ನಡೆಸೋ ಸಂಸ್ಥೆ), 8 ಸಿಟಿಯದ್ದು, ಕಮ್ಯುನಿಟಿ ಸೆಂಟರ್ ನಡೆಸೋಕೆ ಡಿಸ್ಟ್ರಿಕ್ಟಿಗೆ ಸಿಟಿ ಬಾಡಿಗೆ ಕಟ್ಟಬೇಕು. ಒಂದೇ ಊರಿನ ದುಡ್ಡು ಎಡ ಜೇಬಿಂದ ಬಲ ಜೇಬಿಗೆ. ಅಣ್ಣತಮ್ಮಂದಿರ ಜಂಟಿ ಖಾತೆ ಪಹಣಿ ನೋಡಿದೋರಿಗೆ ಈ ಕಥೆ ಬಿಡಿಸಿ ಹೇಳ್ಬೇಕಾಗಿಲ್ಲ. ಇಡೀ ಜಾಗಾನ ಹೊಸದು ಮಾಡೋಕೆ 2019ರಲ್ಲಿ ಮಾಸ್ಟರ್ ಪ್ಲಾನ್ ಕೂಡ ಆಯ್ತು. ಪ್ಲಾನ್ ಚೆನ್ನಾಗಿದೆ, ಶನಿವಾರ ನಾನು ಕೂರೋ ಬೆಂಚು ಅದೇ ಇದೆ.

ಹೆಸರಿನ ಕಥೆ ಇದಕ್ಕಿಂತ ರುಚಿ. 2015ರ ಸುಮಾರಿಗೆ ಜೋರ್ಡನ್ ಸ್ಕೂಲಿನ ಹುಡುಗನೊಬ್ಬ ತನ್ನ ಸ್ಕೂಲಿಗೆ ಯಾರ ಹೆಸರಿಟ್ಟಿದ್ದಾರೆ ಅಂತ ಓದಿ ರಿಪೋರ್ಟ್ ಬರೆದ. ಅಷ್ಟು ವರ್ಷ ಅಷ್ಟು ಪಿಎಚ್‌ಡಿಗಳು ಓಡಾಡಿದ ಊರಲ್ಲಿ ಹೋಮ್‌ವರ್ಕ್ ಸರಿಯಾಗಿ ಮಾಡಿದ್ದು ಅವನೇ ಅಂತ ಕಾಣತ್ತೆ. ಕಮಿಟಿ ಆಯ್ತು, ಮೀಟಿಂಗ್ ಆಯ್ತು, ಊರು ಎರಡು ಭಾಗ ಆಯ್ತು, 2017ರಲ್ಲಿ ಸ್ಕೂಲ್ ಡಿಸ್ಟ್ರಿಕ್ಟಿನ ಆಡಳಿತ ಮಂಡಳಿ ಜೋರ್ಡನ್, ಟರ್ಮನ್ ಎರಡೂ ಹೆಸರು ತೆಗೀಬೇಕು ಅಂತ ತೀರ್ಮಾನ ಮಾಡ್ತು. ಟರ್ಮನ್ ಸ್ಕೂಲಿಗೆ ಮೊದಲು ಅಪ್ಪ ಲೂಯಿಸ್ ಹೆಸರಿತ್ತು, 2001ರಲ್ಲಿ ಮತ್ತೆ ತೆರೆದಾಗ ಸಿಲಿಕಾನ್ ವ್ಯಾಲಿ ಕಟ್ಟಿದೋನು ಅಂತ ಮಗ ಫ್ರೆಡ್ ಟರ್ಮನ್ನನ್ನೂ ಸೇರಿಸಿದ್ರು. ಹಾಗಾದ್ರೆ ಮಗನದ್ದು ಇಟ್ಕೊಂಡು ಅಪ್ಪನದ್ದು ಮಾತ್ರ ತೆಗೆಯೋಣ ಅಂತ ಒಂದು ವಾದ, ನೇಮ್ ಬೋರ್ಡಲ್ಲಿ ಟರ್ಮನ್ ಅಂತಿದ್ರೆ ಅಪ್ಪನೋ ಮಗನೋ ಹೇಗಪ್ಪಾ ಗೊತ್ತಾಗೋದು ಅಂತ ಇನ್ನೊಂದು ವಾದ.

ಹೊಸ ಹೆಸರು ಹುಡುಕೋಕೆ ಹೋದಾಗ ಫ್ರೆಡ್ ಯಮಮೊಟೊ ಅನ್ನೋ ಹೆಸರು ಬಂತು. ಪಾಲೋ ಆಲ್ಟೋದಲ್ಲೇ ಓದಿದ ಹುಡುಗ, ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲ ಅಂತ ಇದೇ ಸರ್ಕಾರ ಕ್ಯಾಂಪಲ್ಲಿ ಕೂಡಿಹಾಕಿತ್ತು, ಆದ್ರೂ ಅಮೆರಿಕ ಸೈನ್ಯಕ್ಕೆ ತಾನೇ ಸೇರಿ 1944ರಲ್ಲಿ ಫ್ರಾನ್ಸಲ್ಲಿ ಪ್ರಾಣ ಬಿಟ್ಟ. ಇದಕ್ಕಿಂತ ಒಳ್ಳೇ ಹೆಸರು ಬೇಕಾ? ಆದ್ರೆ ಕೆಲವು ಚೈನೀಸ್ ಮೂಲದ ಪೇರೆಂಟ್ಸು ತಕರಾರು ತೆಗೆದ್ರು, ಪರ್ಲ್ ಹಾರ್ಬರ್ ದಾಳಿಗೆ ಪ್ಲಾನ್ ಹಾಕಿದ ಅಡ್ಮಿರಲ್ ಕೂಡ ಯಮಮೊಟೊನೇ ಅಂತ. ಇಬ್ಬರಿಗೂ ನೆಂಟಸ್ತಿಕೆ ಇಲ್ಲ, ಜಪಾನಲ್ಲಿ ಯಮಮೊಟೊ ಅಂದ್ರೆ ನಮ್ಮಲ್ಲಿ ಪಾಟೀಲ್ ಇದ್ದಂಗೆ. ಮನುಷ್ಯನನ್ನ ತಳಿ ನೋಡಿ ಅಳೆದೋರ ಹೆಸರು ಅಳಿಸೋಕೆ ಹೊರಟೋರು ಅಡ್ಡಹೆಸರು ನೋಡಿ ಮನುಷ್ಯನನ್ನ ಅಳೆಯೋಕೆ ಕೂತ್ರು. ಕೊನೇಗೆ 2018ರಲ್ಲಿ ಯಮಮೊಟೊನ ಬಿಟ್ಟು ಎಲೆನ್ ಫ್ಲೆಚರ್, ಫ್ರಾಂಕ್ ಗ್ರೀನ್ ಅಂತ ಇಟ್ರು. ಇಬ್ರೂ ಯೋಗ್ಯರೇ, ಫ್ಲೆಚರಮ್ಮ ನಾಜಿಗಳಿಂದ ತಪ್ಪಿಸ್ಕೊಂಡು ಬಂದು ಊರಿಗೆಲ್ಲ ಸೈಕಲ್ ದಾರಿ ಮಾಡಿಸಿದೋರು.

ನಗ್ಬೇಡಿ, ನಮ್ಮ ಕಡೆ ಏನ್ ಕಮ್ಮಿನಾ. ನಾನು ಓದಿದ ಸರ್ಕಾರಿ ಹೈಸ್ಕೂಲಲ್ಲಿ ಫ್ಯಾನಿನ ಮೂರು ರೆಕ್ಕೆ ಮೇಲೂ ದಾನಿಗಳ ಹೆಸರು ಕೆಂಪು ಪೇಂಟಲ್ಲಿ ಬರೆಸಿದ್ರು, ತಿರುಗಿದ್ರೆ ಹೆಸರು ಕಾಣಲ್ಲ ಅಂತ ದಾನಿಗಳು ಬಂದಾಗೆಲ್ಲ ಹೆಡ್‌ಮಾಸ್ಟ್ರು ಫ್ಯಾನ್ ಆಫ್ ಮಾಡಿಸ್ತಿದ್ರು, ಏಪ್ರಿಲ್ ತಿಂಗಳಲ್ಲೂ.

ಅಂತೂ ಗುರು ಹೋದ, ಶಿಷ್ಯ ಹೋದ, ಮಧ್ಯದೋನು ಮಾತ್ರ ಮಿಡಲ್‌ಫೀಲ್ಡ್ ರೋಡಲ್ಲಿ ಹಾಗೇ ಉಳಿದ. ಸ್ಕೂಲೇ ಇಲ್ಲದ ಸ್ಕೂಲಿನ ಹೆಸರಿಗೆ ಯಾರು ತಲೆ ಕೆಡಿಸ್ಕೋತಾರೆ. ಉಳಿದ್ರೂ ನನಗೇನೂ ಬೇಜಾರಿಲ್ಲ, ಯಾಕಂದ್ರೆ ಅವನ ಹೆಸರು ತೆಗೆದ್ರೂ ಫ್ಯಾಕ್ಟರಿ ಏನು ನಿಲ್ಲಲ್ಲ, ನಡೆಸೋಕೆ ನಾವಿದೀವಿ. ಶನಿವಾರ ಕಾಯ್ತಾ ಕೂತ ಅಪ್ಪಂದಿರ ಮಾತು ಕೇಳಿ ಬೇಕಾದ್ರೆ, ನಿಮ್ಮವಳು ಆಲ್ಜೀಬ್ರಾ ಯಾವ ಕ್ಲಾಸಲ್ಲಿ ತಗೊಂಡ್ಳು, ನಮ್ಮೋನು ಆರರಲ್ಲೇ ಮುಗಿಸಿದ, ಸ್ಯಾಟ್ ಕೋಚಿಂಗ್ ಎಲ್ಲಿ, ಗಿಫ್ಟೆಡ್ ಟೆಸ್ಟಲ್ಲಿ ಎಷ್ಟು ಬಂತು. ಟರ್ಮನ್ ಇದ್ದಿದ್ರೆ ಕಣ್ಣಲ್ಲಿ ನೀರು ಹಾಕ್ಕೋತಿದ್ದ.

ಹೋದ ವಾರ ಕ್ಲಾಸ್ ಮುಗಿಸಿ ಗೆಜ್ಜೆ ಬ್ಯಾಗ್ ಹಿಡ್ಕೊಂಡು ಬಂದ ಮಗಳಿಗೆ ಈ ಕಬ್ಬರ್ಲಿ ಪುರಾಣ ಎಲ್ಲ ಹೇಳ್ದೆ, ಮಕ್ಕಳನ್ನ ಕಚ್ಚಾ ಮಾಲು ಅಂದಿದ್ನಂತೆ ನೋಡು ಎಂಥ ಮನುಷ್ಯ ಅಂತ.

"ಅಪ್ಪಾ, ಈಗ ಮನೆಗೆ ಹೋಗ್ತೀವಾ?"

"ಇಲ್ಲ ಪುಟ್ಟಾ, 4 ಗಂಟೆಗೆ ಮ್ಯಾಥ್ಸ್ ಇದೆ, ಸೀಟ್ ಬೆಲ್ಟ್ ಹಾಕು. ಚಪಾತಿ ರೋಲ್ ಡಬ್ಬೀಲಿದೆ, ದಾರೀಲೇ ತಿನ್ನು."